ಬುತ್ತಿ ಬಿಟ್ಟು ಹೋದ ಪ್ರವಾಸ

ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗಿ ಬಂದ ಮೇಲೆ ಮಕ್ಕಳ ಮೈಕೈ ನೋವು ಇಳಿದು, ಅವರ ಮಾತು ಬೇರೆ ಕಡೆ ತಿರುಗಿದೆ. ನನ್ನ ತಲೆಯಲ್ಲಿ ಮಾತ್ರ ಆ ಪ್ರವಾಸದ ಊಟದ ವಿಚಾರ ಇನ್ನೂ ಕೂತಿದೆ. ಊಟ ಕೆಟ್ಟಿತ್ತು ಅಂತಲ್ಲ. ಬಿಸಿಯಾಗಿಯೇ ಇತ್ತು, ಹೊಟ್ಟೆಯೂ ತುಂಬಿತು. ಟಿಕೆಟ್ಟಿನ ಜೊತೆಯಲ್ಲೇ ಊಟಕ್ಕೂ ದುಡ್ಡು ಕಟ್ಟಿಬಿಡುವುದೋ, ಹಸಿವಾದಾಗ ಅಲ್ಲೇ ನೋಡಿಕೊಳ್ಳುವುದೋ ಎಂದು ಹೊರಡುವ ಮುಂಚೆ ಎದ್ದ ಮಾತು ಪಾರ್ಕಿನ ಗೇಟು ದಾಟಿ ನಮ್ಮ ಜೊತೆಗೇ ಬಂತು, ಊರಿಗೂ ವಾಪಸ್ ಬಂತು. ನನ್ನ ಅವ್ವನಿಗೆ ಒಂದು ಬೇಕಿತ್ತು, ನನ್ನ ಹೆಂಡತಿಗೆ ಇನ್ನೊಂದು. ಇಬ್ಬರೂ ಬಾಯಿಬಿಟ್ಟು ಹೇಳಿದ್ದು ಕಡಿಮೆ.

ಚಿಕ್ಕಮಗಳೂರು ಜಿಲ್ಲೆ ಎಂದ ತಕ್ಷಣ ಹೊರಗಿನವರು ಕಾಫಿ ತೋಟ, ಮಂಜು, ಮುಳ್ಳಯ್ಯನಗಿರಿ ನೆನೆಯುತ್ತಾರೆ. ಕಡೂರು ತಾಲ್ಲೂಕಿನ ನಮ್ಮ ಸಿಂಗಟಗೆರೆ ಆ ಚಿತ್ರದೊಳಗೆ ಬರುವುದಿಲ್ಲ. ನಮ್ಮದು ಬಯಲುಸೀಮೆ. ರಾಗಿ ಹೊಲ, ತೆಂಗಿನ ತೋಟ, ಆಕಾಶ ನೋಡುವ ಜನ. ಇಲ್ಲಿ ಊರು ಬಿಟ್ಟು ಹೊರಡುವುದೆಂದರೆ ಮೊದಲ ಮಾತೇ ಬುತ್ತಿಗೆ ಏನು ಎನ್ನುವುದು. ಅಜ್ಜಂಪುರದ ಕಡೆಯ ಅಂತರಘಟ್ಟೆ ಜಾತ್ರೆಗೆ ಎತ್ತಿನ ಗಾಡಿ ಕಟ್ಟುವವರು ಎತ್ತಿನ ಮೇವಿನ ಜೊತೆಗೇ ಮನೆಮಂದಿಯ ಬುತ್ತಿಯನ್ನೂ ಗಾಡಿಗೆ ಹಾಕುತ್ತಾರೆ. ಮಳೆ ಚೆನ್ನಾಗಿ ಬಿದ್ದ ವರ್ಷ ಮದಗದ ಕೆರೆ ಕೋಡಿ ಬಿದ್ದಿತೆಂದರೆ ನೋಡಲು ಹೊರಡುವ ಮನೆಗಳಲ್ಲೂ ಚಿತ್ರಾನ್ನದ ಡಬ್ಬಿ ಮೊದಲು ಸಿದ್ಧವಾಗುತ್ತದೆ.

ಅವ್ವ ಬುತ್ತಿ ಕಟ್ಟುವುದನ್ನು ನೋಡಬೇಕು. ಬಾಳೆ ಎಲೆಯನ್ನು ಕೆಂಡದ ಮೇಲೆ ಒಂದು ಸುತ್ತು ಆಡಿಸುತ್ತಾಳೆ. ಹಸಿರು ಬಣ್ಣ ಕಪ್ಪಿಗೆ ತಿರುಗಿ, ಎಲೆ ಮೆತ್ತಗಾಗಿ, ಮಡಿಸಿದರೂ ಸೀಳದ ಹದಕ್ಕೆ ಬರುತ್ತದೆ. ಅದರೊಳಗೆ ಆರಿದ ಹುಳಿಯನ್ನ ಹಾಕಿ, ಅಂಚು ಒಳಕ್ಕೆ ಮಡಚಿ, ಬಾಳೆ ನಾರಿನಿಂದ ಕಟ್ಟುತ್ತಾಳೆ. ಬಿಸಿ ಅನ್ನ ಕಟ್ಟಿದರೆ ಬೆವರಿ ಹಳಸುತ್ತದೆ ಅಂತ ಬೀಸಣಿಗೆ ಹಿಡಿದು ಆರಿಸುತ್ತಾಳೆ. ರಾಗಿ ರೊಟ್ಟಿ ಬೇರೆ ಬಟ್ಟೆಯಲ್ಲಿ, ಹುಚ್ಚೆಳ್ಳು ಚಟ್ನಿಪುಡಿ ಬೇರೆ ಪೊಟ್ಟಣದಲ್ಲಿ. ಇಷ್ಟಾಗಬೇಕೆಂದರೆ ಮನೆಯ ಹೆಂಗಸರು ಬೆಳಗಿನ ಜಾವ ಎದ್ದಿರಬೇಕು. ಗಂಡಸರೂ ಮಕ್ಕಳೂ ಏಳುವ ಹೊತ್ತಿಗೆ ಬುತ್ತಿ ಬಾಗಿಲ ಬಳಿ ಕೂತಿರುತ್ತದೆ. ಎಷ್ಟು ಹೊತ್ತಿಗೆ ಎದ್ದರು ಎಂದು ಯಾರೂ ಕೇಳುವುದಿಲ್ಲ.

ನನ್ನ ಹೆಂಡತಿ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ 2002ರಲ್ಲಿ ಶುರುವಾದ ಅಕ್ಷರ ದಾಸೋಹ ಆಮೇಲೆ ಇಡೀ ರಾಜ್ಯಕ್ಕೆ ಬಂತಲ್ಲ, ಅದೇ ಒಲೆ. ಬೆಳಿಗ್ಗೆ ಹಾಜರಿ ಆದ ಮೇಲೆ ಮೇಷ್ಟ್ರು ತಲೆ ಲೆಕ್ಕ ಹೇಳುತ್ತಾರೆ, ಇವಳು ಅಕ್ಕಿ ಅಳೆಯುತ್ತಾಳೆ. ಐದನೇ ಕ್ಲಾಸಿನವರೆಗೆ ಮಗುವಿಗೆ 100 ಗ್ರಾಂ, ಆರರಿಂದ ಎಂಟರವರೆಗೆ 150 ಗ್ರಾಂ. ಲೆಕ್ಕ ಪುಸ್ತಕದಲ್ಲಿರುವುದು ಅಷ್ಟೇ. ಬೆಳಿಗ್ಗೆ ಏನೂ ತಿನ್ನದೆ ಬಂದ ಮಗು ಯಾವುದು, ಸಾರಿನಲ್ಲಿ ತರಕಾರಿ ಆರಿಸಿ ಬಿಡುವ ಮಗು ಯಾವುದು ಎಂಬುದು ಇವಳ ಸೌಟಿಗೆ ಗೊತ್ತು. ಹೀಗಾಗಿ ಊಟದ ಲೆಕ್ಕವನ್ನು ಉಣ್ಣುವವರ ಕಡೆಯಿಂದಲ್ಲ, ಬೇಯಿಸುವವರ ಕಡೆಯಿಂದ ನೋಡುವುದು ಅವಳಿಗೆ ರೂಢಿ. ಅವಳಿಗೆ ಸಿಗುವ ರಜೆ ಎಂದರೆ ಶಾಲೆಗೆ ಸಿಗುವ ರಜೆಯೇ. ಆ ರಜೆಯಲ್ಲೂ ಮನೆಯ ಒಲೆಗೆ ರಜೆ ಇಲ್ಲ.

ದಸರಾ ರಜೆಯಲ್ಲಿ, ಬೀರೂರಿನ ಮೈಲಾರಲಿಂಗನ ಕಾರ್ಣಿಕ ಮುಗಿದ ಮೇಲೆ ಹೊರಟೆವು. ಕೆಂಗೇರಿಯ ಅಕ್ಕ ಫೋನಿನಲ್ಲೇ ಹೇಳಿದ್ದಳು: ‘ಒಳಗೆ ಹೊರಗಿನ ಊಟ ಬಿಡಲ್ಲ ಕಣೋ, ಅವ್ವನಿಗೆ ಹೇಳು, ರೊಟ್ಟಿ ತಟ್ಟಿಕೊಂಡು ಕೂರದು ಬೇಡ.’ ಅವ್ವನಿಗೆ ಇದು ಅರ್ಥವಾಗಲಿಲ್ಲ. ದುಡ್ಡು ಕೊಟ್ಟು ಒಳಗೆ ಹೋಗುವವರ ಕೈಯಲ್ಲಿರುವ ಅನ್ನ ಯಾರಿಗೆ ಏನು ಮಾಡುತ್ತದೆ ಎಂಬುದು ಅವಳ ಪ್ರಶ್ನೆ. ‘ಸರಿ, ರೈಲಿಗಾದ್ರೂ ಬೇಕಲ್ಲಪ್ಪ’ ಅಂತ ಒಂದು ಹೊತ್ತಿನ ಬುತ್ತಿ ಕಟ್ಟಿಯೇಬಿಟ್ಟಳು.

ಕಡೂರಿನಲ್ಲಿ ರೈಲು ಹತ್ತಿದೆವು. ದೇವನೂರು, ಬಾಣಾವರದ ಕಡೆಯ ಹೊಲಗಳಲ್ಲಿ ರಾಗಿ ತೆನೆಗಟ್ಟುತ್ತಿತ್ತು. ಒಂದು ಹೊಲ ಹಸಿರು, ಪಕ್ಕದ್ದು ಅರ್ಧ ಒಣಗಿದ್ದು. ಒಂದೇ ಮಳೆ, ಬೇರೆ ಬೇರೆ ಅದೃಷ್ಟ. ಅರಸೀಕೆರೆ ದಾಟಿ ತಿಪಟೂರಿನ ತೆಂಗು ಶುರುವಾಗುವ ಹೊತ್ತಿಗೆ ಅವ್ವ ಬುತ್ತಿ ಬಿಚ್ಚಿದಳು. ಎದುರು ಸೀಟಿನಲ್ಲಿ ಶಿವಮೊಗ್ಗದಿಂದ ಬರುತ್ತಿದ್ದ ಗಂಡಹೆಂಡಿರು ಕೂತಿದ್ದರು. ಅವರಿಗೂ ಎರಡೆರಡು ರೊಟ್ಟಿ ಹೋಯಿತು. ಆ ಹೆಂಗಸು ತನ್ನ ಚೀಲದಿಂದ ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದಳು. ಆಕೆಯ ಊರು, ಮನೆ, ಮಗಳ ಬಾಣಂತನ ಎಲ್ಲವೂ ಗುಬ್ಬಿ ಬರುವುದರೊಳಗೆ ಅವ್ವನಿಗೆ ತಿಳಿದುಹೋಯಿತು. ಬುತ್ತಿ ಎನ್ನುವುದಕ್ಕೆ ಈ ಗುಣವಿದೆ. ಎಷ್ಟು ಜನ ಉಣ್ಣುತ್ತಾರೆ ಎಂದು ಕಟ್ಟುವಾಗಲೇ ನಿಖರವಾಗಿ ನಿಗದಿಯಾಗಿರುವುದಿಲ್ಲ. ಅದಕ್ಕೇ ಅವ್ವ ಯಾವಾಗಲೂ ನಾಲ್ಕು ರೊಟ್ಟಿ ಹೆಚ್ಚಿಗೆ ಬೇಯಿಸುತ್ತಾಳೆ.

ಕ್ಯಾತ್ಸಂದ್ರ ಬಂದಾಗ ಅವ್ವ ಕಿಟಕಿಯಾಚೆ ಸಿದ್ಧಗಂಗೆಯ ಬೆಟ್ಟದ ಕಡೆಗೆ ಕೈಮುಗಿದಳು. 111 ವರ್ಷ ಬಾಳಿ 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಮಠ. ಸಾವಿರಾರು ಮಕ್ಕಳಿಗೆ ಅಲ್ಲಿ ಓದು, ವಸತಿ, ದಿನದ ಊಟ. ಬಂದವರಿಗೂ ಪ್ರಸಾದ. ಅಲ್ಲಿ ಯಾವ ಚೀಟಿಯೂ ಇಲ್ಲ, ಪಂಕ್ತಿಯಲ್ಲಿ ಜಾಗ ಸಿಕ್ಕರೆ ಕೂತು ಉಣ್ಣುವುದು. ನಮ್ಮ ಜಿಲ್ಲೆಯ ಹೊರನಾಡು, ಶೃಂಗೇರಿಯಲ್ಲೂ ಹಾಗೇ. ಪುಕ್ಕಟೆ ಊಟ ಅಂತ ಕೆಲವರು ಹಗುರವಾಗಿ ಹೇಳುವುದನ್ನು ಕೇಳಿದ್ದೇನೆ, ನನಗೆ ಆ ಮಾತು ಸೇರುವುದಿಲ್ಲ. ಸುಗ್ಗಿಯಲ್ಲಿ ರಾಗಿ, ಅಕ್ಕಿ, ತೆಂಗಿನಕಾಯಿ ಮಠಕ್ಕೆ ಕಳಿಸುವ ರೈತ ಆ ಅನ್ನಕ್ಕೆ ತಿಂಗಳುಗಳ ಮುಂಚೆಯೇ ಕೊಟ್ಟಿರುತ್ತಾನೆ. ಉಣ್ಣುವವನು ಯಾರು ಎಂದು ಅವನಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಕೆಂಗೇರಿಯಲ್ಲಿ ರಾತ್ರಿ ಊಟವಾದ ಮೇಲೆ ಭಾವ ಮೊಬೈಲ್ ಹಿಡಿದು ಟಿಕೆಟ್ ಕೊಳ್ಳಲು ಕೂತರು. ಬರೀ ಪ್ರವೇಶವೋ, ಊಟ ಸೇರಿಸಿಯೋ ಎಂದು ಪರದೆ ಕೇಳುತ್ತಿತ್ತು. ಮನೆಮಂದಿಯೆಲ್ಲ ಸುತ್ತ ಸೇರಿದರು.

ಭಾವನ ವಾದ ನೇರವಾಗಿತ್ತು. ಅವರು ಎಷ್ಟೋ ಸಲ ಆಫೀಸಿನವರ ಜೊತೆ ಹೋಗಿ ಬಂದವರು. ‘ಒಳಗೆ ಹೋದ ಮೇಲೆ ಬೇರೆ ದಾರಿ ಇಲ್ಲ. ಊಟ ಮಾಡಲೇಬೇಕು, ಅಲ್ಲೇ ಮಾಡಬೇಕು. ಮೇಲಾಗಿ ನೀರಿನ ಆಟಕ್ಕೆ ಇಳಿದಾಗ ಜೇಬಿಲ್ಲ, ಪರ್ಸಿಲ್ಲ, ಮೊಬೈಲ್ ಲಾಕರಿನಲ್ಲಿ. ಒದ್ದೆ ಬಟ್ಟೆಯಲ್ಲಿ ಹೋಗಿ ದುಡ್ಡು ತರೋದು ಯಾರು? ಕೂಪನ್ ಇದ್ದರೆ ಆಯ್ತು.’ ಇದು ಅನುಭವದ ಮಾತು. ಅಕ್ಕನಿಗೆ ಸಂಜೆ ತಿಂಡಿಯೂ ಸೇರಿರುವುದು ಬೇಕಿತ್ತು. ಮಕ್ಕಳಿಗೆ ಐಸ್‌ಕ್ರೀಮ್ ಇರುವುದು ಯಾವುದೋ ಅದು.

ನನ್ನ ಹೆಂಡತಿ ಕೇಳಿದ್ದು ಒಂದೇ: ‘ಅಣ್ಣ, ತಟ್ಟೆ ಲೆಕ್ಕವೋ, ಬೇಕಾದಷ್ಟು ಬಡಿಸಿಕೊಳ್ಳೋ ಲೆಕ್ಕವೋ?’ ಆಮೇಲೆ ಅವಳೇ ವಿವರಿಸಿದಳು. ಮೊದಲೇ ದುಡ್ಡು ಕಟ್ಟಿಸಿಕೊಂಡವರಿಗೆ ನಾಳೆ ಎಷ್ಟು ತಲೆ ಎಂದು ಈವತ್ತೇ ಗೊತ್ತಾಗುತ್ತದೆ. ಅಷ್ಟೇ ಅಕ್ಕಿ ನೆನೆಸಬಹುದು, ಅಷ್ಟೇ ತರಕಾರಿ ಹೆಚ್ಚಬಹುದು, ಉಳಿದು ಚೆಲ್ಲುವುದು ಕಡಿಮೆ. ಅದಕ್ಕೇ ಅವರು ಸ್ವಲ್ಪ ಕಡಿಮೆಗೆ ಕೊಡಲು ಆಗುವುದು. ಕೊಂಡವರಲ್ಲಿ ನಾಲ್ಕು ಜನ ಹೊಟ್ಟೆ ಸರಿಯಿಲ್ಲ ಅಂತ ಉಣ್ಣದೆ ಹೋದರೆ ಅದೂ ಅಡುಗೆಮನೆಗೇ ಉಳಿಯಿತು. ‘ಅದರಲ್ಲಿ ತಪ್ಪೇನಿಲ್ಲ. ಆದ್ರೆ ಉಣ್ಣದೇ ಇರೋರ ಹೆಸರಲ್ಲಿ ಯಾಕೆ ಕೊಳ್ಳೋದು? ಅತ್ತೆಗೆ ನಾಳೆ ಸೋಮವಾರ.’

ಅವ್ವ ಸೋಮವಾರ ಒಪ್ಪತ್ತು. ಕಲ್ಲೇಶ್ವರನ ಹೆಸರಿನಲ್ಲಿ ಹಗಲು ಊಟ ಬಿಟ್ಟು ರಾತ್ರಿ ದೀಪ ಹಚ್ಚಿದ ಮೇಲೆ ಉಣ್ಣುವವಳು. ಭಾನುವಾರದ ಜನಜಂಗುಳಿ ಬೇಡವೆಂದೇ ನಾವು ಸೋಮವಾರ ಆರಿಸಿಕೊಂಡಿದ್ದು. ಎಂಟು ಜನರ ಮನೆಯಲ್ಲಿ ಒಬ್ಬರಿಗೆ ಒಪ್ಪತ್ತು, ಒಬ್ಬಳು ಮೂರು ತುತ್ತಿಗೆ ಎದ್ದುಹೋಗುವ ಮಗಳು, ಇನ್ನೊಬ್ಬ ಕಾಲೇಜಿಗೆ ಹೋಗುವ ಅಳಿಯ, ಅವನು ಎರಡಾಳಿನ ಊಟ ಮಾಡುತ್ತಾನೆ. ಪಾರ್ಕಿನವರು ಎತ್ತರ ಅಳೆದು ಟಿಕೆಟ್ ಕೊಡುತ್ತಾರೆ, 140 ಸೆಂಟಿಮೀಟರ್ ದಾಟಿದರೆ ದೊಡ್ಡವರ ಲೆಕ್ಕ. ಹಸಿವನ್ನು ಹಾಗೆ ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆಯಲು ಬರುವುದಿಲ್ಲ. ಪ್ಯಾಕೇಜಿನ ಊಟದ ನಿಜವಾದ ತೊಡಕು ಇದು. ಅದು ಎಲ್ಲರೂ ಒಂದೇ ಥರ ಹಸಿಯುತ್ತಾರೆ ಎಂದು ನಂಬಿ ಹೊರಟಿರುತ್ತದೆ. ಒಂದೇ ವಯಸ್ಸಿನ ಗೆಳೆಯರ ಗುಂಪಿಗೆ, ಆಫೀಸಿನವರಿಗೆ, ಶಾಲಾ ಪ್ರವಾಸದ ಮಕ್ಕಳಿಗೆ ಅದು ಸರಿಹೊಂದುತ್ತದೆ. ಮೂರು ತಲೆಮಾರು ಒಟ್ಟಿಗೆ ಹೋಗುವ ಮನೆಗೆ ಬಿಡಿಬಿಡಿಯಾಗಿ ಯೋಚಿಸಬೇಕು.

ಕೊನೆಗೆ ಅವ್ವನನ್ನು ಬಿಟ್ಟು ಉಳಿದವರಿಗೆ ಮಧ್ಯಾಹ್ನದ ಊಟ ಮಾತ್ರ ಸೇರಿಸಿ ಕೊಂಡೆವು. ಬೆಳಗಿನ ತಿಂಡಿ, ಸಂಜೆಯ ತಿಂಡಿ ಬೇಡ. ಒಂದು ಹಗಲಿನ ಪಾರ್ಕಿನ ಪ್ರವಾಸದಲ್ಲಿ ತಪ್ಪಿಸಿಕೊಳ್ಳಲಾಗದ ಹೊತ್ತು ಮಧ್ಯಾಹ್ನದ್ದೊಂದೇ. ಬೆಳಿಗ್ಗೆ ಗೇಟಿನ ಹೊರಗಿರುತ್ತೇವೆ, ಸಂಜೆ ಮತ್ತೆ ಹೊರಗೆ ಬರುತ್ತೇವೆ. ಇದು ಸರಿಯಾದ ತೀರ್ಮಾನ ಎಂದು ಈಗಲೂ ನನ್ನ ಅಭಿಪ್ರಾಯ.

ಬೆಳಗಿನ ತಿಂಡಿ ಬಿಟ್ಟದ್ದಕ್ಕೆ ಇನ್ನೊಂದು ಕಾರಣ ಬಿಡದಿಯೇ. ತಟ್ಟೆ ಇಡ್ಲಿಯ ಊರಿನ ಪಕ್ಕಕ್ಕೆ ಹೋಗಿ, ಗೇಟಿನೊಳಗೆ ಬ್ರೆಡ್ಡು ತಿನ್ನುವುದೇ? ಪಾರ್ಕಿನ ತಿರುವು ದಾಟಿ ಹಳೇ ಮೈಸೂರು ರಸ್ತೆಯಲ್ಲೇ ಬಿಡದಿವರೆಗೆ ಹೋದೆವು. ಚಪ್ಪಟೆ ತಟ್ಟೆಗಳನ್ನು ಒಂದರ ಮೇಲೊಂದು ಅಡುಕಿದ ಹಬೆಪಾತ್ರೆಯಿಂದ ಇಡ್ಲಿ ತೆಗೆದು, ಎಲೆಯ ಮೇಲೆ ಬೋರಲು ಹಾಕಿ, ಮೇಲೊಂದು ಉಂಡೆ ಬೆಣ್ಣೆ ಇಟ್ಟರು. ಬೆಣ್ಣೆ ಅಂಚಿಗೆ ಹರಿಯುವ ಮುಂಚೆ ಒಂದು ಮೂಲೆ ಮುರಿದು ಚಟ್ನಿಗೆ ಅದ್ದಬೇಕು. ನನ್ನ ಮಗ, ಮನೆಯಲ್ಲಿ ಇಡ್ಲಿ ಎಂದರೆ ಮುಖ ತಿರುಗಿಸುವವನು, ಮೂರು ತಿಂದ. ಅವ್ವ ಒಂದು ಲೋಟ ಕಾಫಿ ಕುಡಿದು ನಮ್ಮ ಎಲೆಗಳನ್ನೇ ನೋಡುತ್ತ ಕೂತಿದ್ದಳು.

ಹೋಟೆಲಿನ ಗಲ್ಲಾದಲ್ಲಿದ್ದ ಹಿರಿಯರು ಎಲ್ಲಿಂದ ಬಂದಿರಿ ಎಂದು ವಿಚಾರಿಸಿದರು. 2023ರ ಮಾರ್ಚಿನಲ್ಲಿ ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾದ ಮೇಲೆ ಊರಾಚೆಯ ಬೈಪಾಸಿನಲ್ಲೇ ವಾಹನಗಳು ಹಾದುಹೋಗುತ್ತವೆ, ಒಳಗೆ ಬರುವವರು ಹುಡುಕಿಕೊಂಡು ಬರುವವರು ಮಾತ್ರ ಎಂದರು. ಅವರ ಮಾತು ನನ್ನಲ್ಲಿ ಬಹಳ ಹೊತ್ತು ಉಳಿಯಿತು. ಮದ್ದೂರು ವಡೆ ರೈಲಿಗೆ ಕಾಯುತ್ತಿದ್ದವರ ಹಸಿವಿನಿಂದ ಹೆಸರಾಯಿತು, ಬಿಡದಿ ಇಡ್ಲಿ ಬಸ್ಸು ಕಾರು ನಿಲ್ಲಿಸಿ ಇಳಿದವರ ಹಸಿವಿನಿಂದ. ದಾರಿಯಲ್ಲಿ ಹಸಿಯುವವರು ಇದ್ದದ್ದಕ್ಕೇ ಈ ಊರುಗಳಿಗೆ ತಮ್ಮದೇ ಒಂದು ರುಚಿ ಹುಟ್ಟಿತು. ಎಲ್ಲ ಹೊತ್ತಿನ ಊಟವನ್ನೂ ಹೊರಡುವ ಮುಂಚೆಯೇ ಒಂದೇ ಜಾಗಕ್ಕೆ ಕಟ್ಟಿಬಿಟ್ಟರೆ ದಾರಿಯ ಊರುಗಳ ಪಾಲಿಗೆ ನಾವು ಬರುವುದೇ ಇಲ್ಲ. ಪ್ಯಾಕೇಜ್ ಕೊಳ್ಳುವವರು ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ನಾನು ನಂಬುತ್ತೇನೆ.

ವಂಡರ್‌ಲಾದ ಬೆಂಗಳೂರು ಪಾರ್ಕ್ ಶುರುವಾದದ್ದು 2005ರಲ್ಲಿ. ಅದಕ್ಕೂ ಮೊದಲು, 2000ದಲ್ಲಿ, ವಿ-ಗಾರ್ಡ್ ಕಂಪನಿ ಕಟ್ಟಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ತೆರೆದಿದ್ದರು. ಈಗ ಅದಕ್ಕೂ ವಂಡರ್‌ಲಾ ಎಂದೇ ಹೆಸರು. ಗೇಟಿನಲ್ಲಿ ಚೀಲ ತಪಾಸಣೆ ಮಾಡುವ ಹುಡುಗಿ ಬಹಳ ವಿನಯದಿಂದ ನಡೆದುಕೊಂಡಳು. ಹೊರಗಿನ ತಿನಿಸು ಬಿಡದಿರುವುದು ಇಂಥ ಜಾಗಗಳಲ್ಲೆಲ್ಲ ಇರುವ ನಿಯಮ. ಸಿನಿಮಾ ಮಂದಿರಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಜನವರಿ 3ರಂದು ಇದನ್ನೇ ಎತ್ತಿಹಿಡಿದಿತ್ತು. ಜಾಗದ ಮಾಲೀಕರು ಹೊರಗಿನ ತಿನಿಸು ಬೇಡವೆನ್ನಬಹುದು, ಆದರೆ ಕುಡಿಯುವ ನೀರು ಉಚಿತವಾಗಿ ಸಿಗಬೇಕು, ಹಸುಗೂಸಿನ ಆಹಾರಕ್ಕೆ ಅಡ್ಡಿ ಮಾಡಬಾರದು ಎಂದು. ಅವ್ವನ ಎಲೆಅಡಿಕೆ ಸಂಚಿಯಲ್ಲಿ ತಿನಿಸೇನೂ ಇರಲಿಲ್ಲ. ಊಟದ ಕೂಪನ್‌ಗಳನ್ನು ಭಾವ ಮುದ್ರಿಸಿಕೊಂಡು ಬಂದಿದ್ದರು. ನೀರಿಗಿಳಿಯದವಳು ಅವಳೊಬ್ಬಳೇ ಆದ್ದರಿಂದ ಅವು ಅವಳ ಸಂಚಿ ಸೇರಿದವು. ಅಡಿಕೆ ಪುಡಿಯ ಜೊತೆಗೆ ಇಡೀ ಮನೆಯ ಮಧ್ಯಾಹ್ನದ ಊಟ ಅಲ್ಲಿ ಮಡಚಿಕೊಂಡು ಕೂತಿತು.

ಬೆಳಿಗ್ಗೆ ಒಣ ಆಟ, ಆಮೇಲೆ ನೀರಿನ ಆಟ ಎಂದು ಭಾವ ಕ್ರಮ ಹಾಕಿದ್ದರು. ಹೊಟ್ಟೆ ತುಂಬಿದ ಮೇಲೆ ತಲೆಕೆಳಗು ಮಾಡುವ ಆಟಕ್ಕೆ ಹೋಗಬಾರದು, ಅದನ್ನೆಲ್ಲ ಮೊದಲೇ ಮುಗಿಸಬೇಕು ಎಂಬುದು ಅವರ ಹಿತವಚನ. ರಿಕಾಯ್ಲ್ ಎನ್ನುವ ರೋಲರ್ ಕೋಸ್ಟರ್ ಮುಂದಕ್ಕೆ ಹೋದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ನನ್ನ ಮಗ ಇಳಿದು ಬಂದು ಅವ್ವನ ತೊಡೆಯ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವ್ವ ಅವನ ಬೆನ್ನು ಸವರುತ್ತ, ಅಭ್ಯಾಸದಿಂದ, ಪಕ್ಕದಲ್ಲಿ ಬುತ್ತಿಗಾಗಿ ತಡಕಿದಳು. ಅಲ್ಲಿ ನೀರಿನ ಬಾಟಲಿ ಮಾತ್ರ ಇತ್ತು.

ಊಟದ ಹೊತ್ತಿಗೆ ಫುಡ್ ಕೋರ್ಟಿನಲ್ಲಿ ಸಾಲು ಬೆಳೆದಿತ್ತು. ಅವ್ವ ಸಂಚಿ ಬಿಚ್ಚಿ ಒಬ್ಬೊಬ್ಬರ ಹೆಸರು ಹಿಡಿದು ಕೂಪನ್ ಕೊಟ್ಟಳು. ಚಪಾತಿ, ಪಲ್ಯ, ಅನ್ನ, ಸಾಂಬಾರು, ಮೊಸರು, ಒಂದು ಸಿಹಿ. ನನ್ನ ಹೆಂಡತಿಯ ಕಣ್ಣು ಮೊದಲು ಹೋದದ್ದು ಬಡಿಸುವವನ ಸೌಟಿನ ಮೇಲೆ. ‘ಕೈ ಧಾರಾಳವಾಗಿದೆ’ ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಮೆಚ್ಚುಗೆ.

ಆಮೇಲೆ ಅವಳು ಕೂತಳು. ಇದನ್ನು ನಾನು ಬರೆಯಲೇಬೇಕು. ಎಲ್ಲರ ಜೊತೆಗೆ, ಎಲ್ಲರೂ ತುತ್ತೆತ್ತುವ ಹೊತ್ತಿಗೇ, ತನ್ನ ತಟ್ಟೆಯ ಮುಂದೆ ಕೂತಳು. ಮನೆಯಲ್ಲಿ ಅವಳ ಊಟ ಎಲ್ಲರದೂ ಆದ ಮೇಲೆ, ಒಲೆಯ ಕಟ್ಟೆಯ ಬಳಿ. ಶಾಲೆಯಲ್ಲಿ ಕಡೆಯ ಮಗು ಕೈತೊಳೆದ ಮೇಲೆ. ಪ್ರವಾಸದಲ್ಲಿಯೂ ಬುತ್ತಿ ಬಿಚ್ಚಿ ಬಡಿಸುವ ಕೈ ಅವಳದೇ ಆದ್ದರಿಂದ ಅವಳ ಪಾಲು ಕಡೆಗೆ ಉಳಿದದ್ದು. ಇಲ್ಲಿ ಚಪಾತಿ ಮುರಿದು, ಪಲ್ಯ ಸುತ್ತಿ, ನಿಧಾನವಾಗಿ ಅಗಿಯುತ್ತ, ನಡುವೆ ಮಗಳ ಜೊತೆ ಏನೋ ನಕ್ಕು, ಮತ್ತೆ ಎದ್ದು ಹೋಗಿ ಮೊಸರು ಹಾಕಿಸಿಕೊಂಡು ಬಂದಳು. ಯಾರಿಗೂ ಸಾರು ಬೇಕೇ ಎಂದು ಕೇಳಲಿಲ್ಲ.

ಅವ್ವ ಆ ಹೊತ್ತಿಗೆ ಎದ್ದು ನಿಂತಿದ್ದಳು. ಒಪ್ಪತ್ತಿನ ದಿನ ಅವಳು ಉಣ್ಣುವುದಿಲ್ಲ, ಆದರೆ ಬಡಿಸುವುದು ಬಿಡುವುದಿಲ್ಲ. ಮನೆಯಲ್ಲಾದರೆ ಸೋಮವಾರ ನಮ್ಮೆಲ್ಲರ ತಟ್ಟೆ ನೋಡಿಕೊಳ್ಳುವವಳು ಅವಳೇ. ಇಲ್ಲಿ ಪಾತ್ರೆ ಇಲ್ಲ, ಸೌಟಿಲ್ಲ. ಮೇಜಿನ ಸುತ್ತ ಒಮ್ಮೆ ಬಂದು, ಮೊಮ್ಮಗಳ ತಟ್ಟೆಯ ಅಂಚಿಗೆ ಚೆಲ್ಲಿದ ಅನ್ನ ಒಟ್ಟುಮಾಡಿ, ಮತ್ತೆ ತನ್ನ ಕುರ್ಚಿಗೆ ಬಂದು ಕೂತಳು. ಮಗಳು ಎಂದಿನಂತೆ ಅರ್ಧಕ್ಕೆ ಬಿಟ್ಟಳು. ‘ದುಡ್ಡು ಕಟ್ಟಾಗಿದೆ, ತಿನ್ನು ಪುಟ್ಟಿ’ ಎಂದಳು ಅಕ್ಕ. ಅಕ್ಕಪಕ್ಕದ ಮೇಜುಗಳಲ್ಲೂ ಬೇರೆ ಬೇರೆ ಬಾಯಲ್ಲಿ ಅದೇ ಮಾತು ಕೇಳುತ್ತಿತ್ತು. ನನ್ನ ಹೆಂಡತಿ ಮಾತ್ರ ‘ಬಿಡಿ ಅತ್ತಿಗೆ, ಆಟ ಆಡೋ ಮಗು, ಬಲವಂತ ಬೇಡ’ ಎಂದು ತಟ್ಟೆಯನ್ನು ಕಾಲೇಜು ಹುಡುಗನ ಕಡೆಗೆ ಸರಿಸಿದಳು. ಅವನು ಅದನ್ನೂ ಮುಗಿಸಿದ. ಎರಡಾಳಿನ ಹಸಿವು, ಅರ್ಧಾಳಿನ ಹಸಿವು ಒಂದೇ ಮೇಜಿನ ಮೇಲೆ ಸರಿಹೋದವು. ಇದನ್ನು ಯಾವ ಪ್ಯಾಕೇಜೂ ಮೊದಲೇ ಲೆಕ್ಕ ಹಾಕಿ ಕೊ‌ಡಲಾರದು. ಒಟ್ಟಿಗೆ ಕೂರುವ ಮನೆಯವರು ಮಾಡಿಕೊಳ್ಳಬೇಕು.

ಮಧ್ಯಾಹ್ನವೆಲ್ಲ ನೀರಿನಲ್ಲಿ. ಅಲ್ಲಿ ಕೊಂಡ ನೈಲಾನ್ ಬಟ್ಟೆಯಲ್ಲಿ ನನ್ನ ಹೆಂಡತಿ ಮೊದಲು ಸಂಕೋಚಪಟ್ಟಳು. ಆಮೇಲೆ ಲೇಜಿ ರಿವರ್‌ನಲ್ಲಿ ಟ್ಯೂಬಿನ ಮೇಲೆ ಒರಗಿ ಸುತ್ತು ಹೊಡೆಯಲು ಶುರು ಮಾಡಿದವಳು ಕರೆದರೂ ಬರಲಿಲ್ಲ. ಅಲೆಯ ಕೊಳದಲ್ಲಿ ನೂರಾರು ಜನ ಒಟ್ಟಿಗೆ ಕುಣಿಯುವುದನ್ನು ನೋಡುತ್ತ ಅವ್ವ ಕೇಳಿದಳು: ‘ಇಷ್ಟು ನೀರು ಎಲ್ಲಿಂದ ತರ್ತಾರಪ್ಪ?’ ಶೋಧಿಸಿ ಮತ್ತೆ ಮತ್ತೆ ಅದೇ ನೀರು ಬಿಡುತ್ತಾರೆ ಎಂದೆ. ಬೋರು ಬತ್ತಿ ತೆಂಗಿನ ಸುಳಿ ಒಣಗಿದ್ದನ್ನು ಕಂಡವಳು ಅವಳು. ಭದ್ರಾ ಮೇಲ್ದಂಡೆಯ ನೀರಿನ ಸುದ್ದಿಯನ್ನು ಪೇಪರಿನಲ್ಲಿ ಓದಿಸಿಕೊಂಡು ಕೇಳುವವಳು. ‘ಒಳ್ಳೇದೇ. ನೀರಂದ್ರೆ ಮಕ್ಕಳು ಇಷ್ಟು ನಗ್ತಾವೆ ನೋಡು’ ಎಂದಳು. ಅಷ್ಟೇ ಹೇಳಿದಳು.

ಕೆಂಗೇರಿಗೆ ವಾಪಸಾದಾಗ ಕತ್ತಲಾಗಿತ್ತು. ಸುಸ್ತಾಗಿ ಎಲ್ಲರೂ ಹೊರಗಿನಿಂದ ಏನಾದರೂ ತರಿಸೋಣ ಎನ್ನುತ್ತಿದ್ದರೆ, ಅವ್ವ ಮುಖ ತೊಳೆದು, ದೀಪ ಹಚ್ಚಿ, ಅಕ್ಕನ ಅಡುಗೆಮನೆಗೆ ಹೋಗಿ ರಾಗಿಹಿಟ್ಟು ಹುಡುಕಿದಳು. ಸೊಪ್ಪಿನ ಬಸ್ಸಾರು, ಮುದ್ದೆ. ನನ್ನ ಹೆಂಡತಿ ಎದ್ದು ಹೋಗಲು ನೋಡಿದಾಗ ‘ನೀನು ಕೂತ್ಕಳವ್ವ’ ಎಂದು ತಡೆದಳು. ಮಕ್ಕಳು ತೂಕಡಿಸುತ್ತಲೇ ಮುದ್ದೆ ನುಂಗಿದರು. ಎಲ್ಲರಿಗೂ ಬಡಿಸಿ, ತಾನೂ ತಟ್ಟೆ ಹಾಕಿಕೊಂಡು ಕೂತ ಮೇಲೆ ಅವ್ವ ಹೇಳಿದ ಮಾತು ನನ್ನನ್ನು ಇನ್ನೂ ಕಾಡುತ್ತಿದೆ: ‘ಮಧ್ಯಾಹ್ನ ನೀವೆಲ್ಲ ಉಂಡ್ರಿ. ಆದ್ರೆ ಯಾರು ಎಷ್ಟು ಉಂಡ್ರಿ ಅಂತ ನನಗೆ ಗೊತ್ತಾಗಲಿಲ್ಲ ಕಣಪ್ಪ.’

ಮಾರನೆಯ ದಿನ ರೈಲಿನಲ್ಲಿ, ತುಮಕೂರು ದಾಟಿದ ಮೇಲೆ, ಹೆಂಡತಿ ತಾನಾಗಿ ಹೇಳಿದಳು. ‘ರೀ, ನಿನ್ನೆ ನಾನು ಎಷ್ಟು ಗಂಟೆಗೆ ಎದ್ದೆ ಗೊತ್ತಾ? ಏಳು. ಬಿಸಿಲು ಬಂದಿತ್ತು. ಮದುವೆಯಾದ ಮೇಲೆ ಎಲ್ಲಿಗಾದ್ರೂ ಹೊರಟ ದಿನ ಬಿಸಿಲು ಬಂದ ಮೇಲೆ ಎದ್ದಿದ್ದು ಇದೇ ಮೊದಲು.’

ಇಬ್ಬರ ಮಾತನ್ನೂ ಪಕ್ಕಪಕ್ಕ ಇಟ್ಟುಕೊಂಡು ನಾನು ಅರಸೀಕೆರೆವರೆಗೂ ಯೋಚಿಸಿದೆ. ಬುತ್ತಿಯೂ ಮುಂಗಡ ಕಟ್ಟಿದ ಊಟವೇ. ಅದಕ್ಕೆ ಕಟ್ಟಿದ್ದು ಮನೆಯ ಹೆಂಗಸರ ನಿದ್ದೆ, ಪಟ್ಟಿಯಲ್ಲಿ ಬರೆದಿರುವುದಿಲ್ಲ ಅಷ್ಟೇ. ದಾಸೋಹದ ಅನ್ನಕ್ಕೆ ಎಲ್ಲೋ ಒಬ್ಬ ರೈತನ ಸುಗ್ಗಿ ಮುಂಗಡ ಹೋಗಿದೆ. ಪಾರ್ಕಿನ ಕೂಪನ್ನಿಗೆ ನಾನು ಕಟ್ಟಿದ್ದು ದುಡ್ಡು. ಹೀಗೆ ನೋಡಿದರೆ, ನಮ್ಮ ಮನೆಯ ಪ್ರವಾಸಗಳ ಊಟಕ್ಕೆ ನಾನು ಕೈಯಿಂದ ಕೊಟ್ಟದ್ದು ಇದೇ ಮೊದಲು ಎನ್ನಬೇಕು. ಕೂಪನ್ ದುಬಾರಿಯೋ ಅಗ್ಗವೋ ಎಂದು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಬೆಳಗಿನ ಜಾವದ ಆ ಎರಡು ತಾಸು ನಿದ್ದೆ ಇಡದೆ ಹೋದರೆ ಆ ತೂಕಕ್ಕೆ ಅರ್ಥವಿಲ್ಲ. ಅವ್ವನ ಮಾತಿಗೂ ತೂಕವಿದೆ. ಯಾರು ಎಷ್ಟು ಉಂಡರು ಎಂದು ತಿಳಿದುಕೊಳ್ಳುವ ಒಬ್ಬರು ಮನೆಯಲ್ಲಿರುವುದು ಸಣ್ಣ ಭಾಗ್ಯವಲ್ಲ. ಆ ಭಾಗ್ಯವನ್ನು ಒಂದು ಮಧ್ಯಾಹ್ನಕ್ಕೆ ಬಿಟ್ಟುಕೊಟ್ಟು ರಾತ್ರಿ ಮತ್ತೆ ಪಡೆಯಬಹುದು, ನಾವು ಪಡೆದೆವು. ದಿನವಿಡೀ, ಪ್ರವಾಸವಿಡೀ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಮೊನ್ನೆ ಅಮೆರಿಕದಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. ಗಂಡ, ಮಗನ ಜೊತೆ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದಾಳೆ, ಉಳಿಯುವುದು ಎರಡೇ ರಾತ್ರಿ. ಅವಳಿಗೂ ಇದೇ ಸಮಸ್ಯೆ. ಅಲ್ಲಿ ಡಿಸ್ನಿಯ ಹೋಟೆಲಿನಲ್ಲಿ ಉಳಿಯುವವರಿಗೆ ಡೈನಿಂಗ್ ಪ್ಲಾನ್ ಕೊಡುತ್ತಾರೆ. 2020ರಲ್ಲಿ ಕೊರೊನಾ ಕಾಲಕ್ಕೆ ನಿಂತದ್ದು, 2024ರ ಜನವರಿ 9ರಿಂದ ಮತ್ತೆ ಶುರುವಾಗಿದೆ. ರಾತ್ರಿ ಲೆಕ್ಕದಲ್ಲಿ ಕೊಳ್ಳಬೇಕು. ಚಿಕ್ಕ ಪ್ಲಾನಿನಲ್ಲಿ ಒಬ್ಬರಿಗೆ ರಾತ್ರಿಗೆ ಎರಡು ಕೌಂಟರ್ ಊಟ, ಒಂದು ತಿಂಡಿ. ಕೋಣೆಯಲ್ಲಿ ಮೂರು ವರ್ಷ ತುಂಬಿದವರೆಲ್ಲರಿಗೂ ಒಂದೇ ಪ್ಲಾನ್ ಇರಬೇಕು, ಒಬ್ಬರನ್ನು ಬಿಡುವ ಹಾಗಿಲ್ಲ. ಉಳಿದ ಊಟ ಕೋಣೆ ಬಿಡುವ ದಿನದ ಮಧ್ಯರಾತ್ರಿಗೆ ಮುಗಿಯಿತು. ಅವ್ವನಂಥ ಒಪ್ಪತ್ತಿನವರಿದ್ದರೆ ಕಷ್ಟವೇ. ಆದರೆ ಅಲ್ಲಿ ಮನೆಯ ತಿನಿಸನ್ನೂ ಪಾರ್ಕಿನೊಳಗೆ ಒಯ್ಯಬಹುದು.

‘ಮಾವ, ಹುಡುಗ ಸರಿಯಾಗಿ ತಿನ್ನಲ್ಲ, ದುಡ್ಡು ದಂಡ ಆಗುತ್ತೇನೋ. ಚಪಾತಿ ಮಾಡಿಕೊಂಡು ಹೋಗಿಬಿಡಲಾ?’ ಎಂದಳು. ನನ್ನ ಹೆಂಡತಿ ಫೋನ್ ಕಸಿದುಕೊಂಡಳು.

‘ಚಪಾತಿ ಯಾರು ಮಾಡೋದು?’

‘ನಾನೇ ಅತ್ತೆ. ಇಲ್ಲಿ ಇನ್ಯಾರಿದ್ದಾರೆ?’

‘ಹಂಗಾದ್ರೆ ತಗೊಂಡ್ಬಿಡು. ಎರಡು ದಿನ ಲಟ್ಟಣಿಗೆ ಮುಟ್ಟಬೇಡ. ಹುಡುಗ ಬಿಟ್ಟಿದ್ದನ್ನ ನಿನ್ನ ಗಂಡ ತಿನ್ಲಿ.’

ಒಳಗಿನಿಂದ ಅವ್ವ ಕೂಗಿ ಹೇಳಿದಳು, ಮನೆ ತಿನಿಸು ಬಿಡ್ತಾರಂತಲ್ಲ, ನಾನು ಕಳಿಸಿದ ನಿಂಬೆಕಾಯಿ ಉಪ್ಪಿನಕಾಯಿ ಶೀಶೆ ಇದೆಯೋ ಕೇಳು, ತಗೊಂಡು ಹೋಗ್ಲಿ ಅಂತ.

‘ಗಾಜಿನ ಶೀಶೆ ಬಿಡಲ್ಲವಂತೆ ಅಜ್ಜಿ. ಪ್ಲಾಸ್ಟಿಕ್ ಡಬ್ಬಿಗೆ ಹಾಕ್ಕೊಂಡು ಹೋಗ್ತೀನಿ.’